ಬೀದಿ ಸೀನಿನ ಪರದೆ: ಹತ್ತು ತಿಂಗಳ ದುರಸ್ತಿ

ಪರದೆ ಸಿಕ್ಕಿದ್ದು ಇಲಿಗಳ ದೆಸೆಯಿಂದ. ನನ್ನ ತಾಯಿಯ ತವರೂರು ಲಕ್ಷ್ಮೇಶ್ವರದ ಹತ್ತಿರ. ಅಲ್ಲಿ ಹನುಮಪ್ಪನ ಗುಡಿಯ ಗೋಡೆಗೆ ಆತುಕೊಂಡು ಒಂದು ಹಳೆಯ ಗರಡಿಮನೆ ಇದೆ. ಅದರ ಅಟ್ಟದಲ್ಲಿ ಇಲಿಗಳು ಹೆಚ್ಚಾಗಿ ದೇವರ ಮುಂದಿನ ಬತ್ತಿಯನ್ನೂ ಎಳೆದೊಯ್ಯತೊಡಗಿದಾಗ, ಯುಗಾದಿಗೆ ನಾಲ್ಕು ದಿನ ಮುಂಚೆ ಹುಡುಗರು ಏಣಿ ಹಾಕಿ ಮೇಲೆ ಹತ್ತಿದರು. ಬಣ್ಣ ಹೋದ ಎರಡು ಮರದ ಗದೆ, ಗ್ಯಾಸ್‌ಬತ್ತಿಯ ತಗಡಿನ ಟೋಪಿ, ಚರ್ಮ ಹರಿದ ಒಂದು ತಬಲಾ, ಇವುಗಳ ಹಿಂದೆ ಗೋಡೆಯುದ್ದಕ್ಕೂ ಮಲಗಿದ್ದ ಒಂದು ಸುರುಳಿ. ‘ನಾಟಕದ ಪರದೆ ಸಿಕ್ಕಿದೆ, ಬಂದು ನೋಡು’ ಎಂದು ಸೋದರಮಾವ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಧಾರವಾಡದಿಂದ ಬಸ್ ಹಿಡಿದೆ.

ನಾನು ಚಿತ್ರ ಬರೆಯುವವಳು. ಕೆಲವು ವರ್ಷಗಳಿಂದ ಊರುಗಳ ನೆನಪನ್ನೇ ನನ್ನ ಕೆಲಸಕ್ಕೆ ಸಾಮಗ್ರಿಯಾಗಿ ಇಟ್ಟುಕೊಂಡಿದ್ದೇನೆ: ಬಿದ್ದ ಮನೆಯ ಬಾಗಿಲು, ನಿಂತುಹೋದ ಮಗ್ಗದ ಲಾಳಿ, ಹಳೆಯ ಕೌದಿ, ಅವುಗಳನ್ನು ಮುಟ್ಟಿದಾಗ ಜನರ ಬಾಯಿಂದ ಬರುವ ಮಾತು. ಹಾಗಾಗಿ ಮೊದಲು ಹೊಳೆದದ್ದು ಪರದೆಯನ್ನು ಧಾರವಾಡಕ್ಕೆ ತಂದು ಒಂದು ಪ್ರದರ್ಶನದಲ್ಲಿ ತೂಗುಹಾಕುವ ಯೋಚನೆ. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರ ಮುಂದೆ ಹೇಳಿಯೂ ಬಿಟ್ಟೆ. ಹಿಂದೆ ಊರ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ, ಈಗ ಎಂಬತ್ತು ದಾಟಿದ ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ತಂಗಿ, ಪರದೆ ಊರು ಬಿಟ್ಟು ಹೋಗುವುದಾದರೆ ನಾಟಕದ ಜೊತೆಗೆ ಹೋಗಲಿ’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ದುರಸ್ತಿ ಊರಿನಲ್ಲಿಯೇ ನಡೆಯಬೇಕು, ಮುಂದಿನ ಭಾರತ ಹುಣ್ಣಿಮೆಯ ಜಾತ್ರೆಗೆ ಇದೇ ಪರದೆಯ ಮುಂದೆ ನಾಟಕವಾಗಬೇಕು ಎಂದು ಅಲ್ಲಿಯೇ ತೀರ್ಮಾನವಾಯಿತು.

ಚೈತ್ರ: ಬಿಚ್ಚದೆ ಇಟ್ಟದ್ದು

ಸುರುಳಿಯ ಉದ್ದ ಹದಿನೆಂಟು ಅಡಿ. ಬಿದಿರಿನ ಗಳಕ್ಕೆ ಸುತ್ತಿ ತೆಂಗಿನ ಹಗ್ಗದಿಂದ ಐದು ಕಡೆ ಕಟ್ಟಿದ್ದರು. ಬಣ್ಣದ ಮೈ ಒಳಗಿತ್ತು, ಹೊರಗೆ ಕಾಣುತ್ತಿದ್ದದ್ದು ಬಟ್ಟೆಯ ಬೆನ್ನು ಮಾತ್ರ. ಅದರ ಮೇಲೆ ಬಾವಲಿಯ ಹಿಕ್ಕೆ, ಕಣಜ ಕಟ್ಟಿದ ಮಣ್ಣಿನ ಗೂಡು, ಒಂದು ಕಡೆ ಸೋರಿದ ಮಳೆನೀರಿನ ಕಂದು ಕಲೆ. ಕಲೆಯ ಪಕ್ಕದಲ್ಲಿ ಮಸಿಯಿಂದ ಬರೆದ ಅಕ್ಷರ: ‘ತಾ. ಶಿರಹಟ್ಟಿ, ಜಿ. ಧಾರವಾಡ’. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಈ ಬರಹ ಅದಕ್ಕಿಂತ ಹಿಂದಿನದು ಎಂಬುದಷ್ಟೇ ಆ ದಿನ ಗೊತ್ತಾಯಿತು.

ಬಿಚ್ಚಿ ನೋಡುವ ಆತುರ ಎಲ್ಲರಿಗೂ ಇತ್ತು. ನಾನೇ ಕೈಹಿಡಿದು ನಿಲ್ಲಿಸಿದೆ. ಕಾರಣ ಬಿಸಿಲು. ನಾಟಕದ ಪರದೆಗೆ ಸಾಮಾನ್ಯವಾಗಿ ಎಣ್ಣೆಬಣ್ಣ ಬಳಿಯುತ್ತಿರಲಿಲ್ಲ. ಅದು ಭಾರ, ದುಬಾರಿ, ಮೇಲಾಗಿ ದೀಪದ ಬೆಳಕು ಬಿದ್ದರೆ ಹೊಳೆದು ಚಿತ್ರವೇ ಕಾಣದಂತಾಗುತ್ತದೆ. ಪುಡಿಬಣ್ಣಕ್ಕೆ ಖಡುವಿನ, ಅಂದರೆ ಸೀಮೆಸುಣ್ಣದ, ಬಿಳಿ ಬೆರೆಸಿ, ಬಿಸಿ ಸರೇಸಿನ ನೀರಿನಲ್ಲಿ ಕಲಸಿ ಬಳಿಯುತ್ತಿದ್ದರು. ಸರೇಸು ಎಂದರೆ ದನದ ಚರ್ಮ, ಎಲುಬು ಕುದಿಸಿ ತೆಗೆದ ಅಂಟು. ಬಡಗಿಗಳು ಮರ ಕೂಡಿಸಲು ಬಳಸುತ್ತಿದ್ದದ್ದೂ ಇದನ್ನೇ. ಹವೆಯಲ್ಲಿ ತೇವವಿದ್ದರೆ ಸರೇಸು ಮೆತ್ತಗಾಗಿ ಬಟ್ಟೆಯ ಜೊತೆ ಬಾಗುತ್ತದೆ, ಒಣ ಹವೆಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಹತ್ತಾರು ವರ್ಷ ಸುತ್ತಿಟ್ಟ ಪರದೆಯನ್ನು ಏಪ್ರಿಲ್ ಬಿಸಿಲಿನಲ್ಲಿ ಬಿಚ್ಚಿದರೆ ಚಿತ್ರವನ್ನು ಕಸಬರಿಗೆಯಿಂದ ಗುಡಿಸಿ ತೆಗೆಯಬೇಕಾಗುತ್ತಿತ್ತು. ಮೃದು ಕುಂಚದಿಂದ ಮೇಲಿನ ಧೂಳು ತೆಗೆದು, ಒಗೆದ ಧೋತರದಲ್ಲಿ ಸುತ್ತಿ, ನಡುವೆ ಬೇವಿನ ಎಲೆ ಇಟ್ಟು, ಸೋದರಮಾವನ ಮನೆಯ ನಡುಮನೆಯ ಗೂಟಗಳಿಗೆ ಜೋಲಿಯಂತೆ ತೂಗುಹಾಕಿದೆವು. ಮಳೆಗಾಲ ಬರುವವರೆಗೆ ಮನೆಯವರೆಲ್ಲ ತಲೆ ಬಗ್ಗಿಸಿಕೊಂಡೇ ಓಡಾಡಿದರು.

ಆಷಾಢ: ಬಿಚ್ಚಿದ್ದು

ಆಷಾಢದಲ್ಲಿ ಎರಡು ಅನುಕೂಲ. ಹವೆ ತಂಪಾಗಿ ತೇವವಾಗಿರುತ್ತದೆ. ಮದುವೆಗಳಿಲ್ಲದೆ ಸಮುದಾಯ ಭವನ ಖಾಲಿ ಇರುತ್ತದೆ. ನೆಲಕ್ಕೆ ತಾಡಪತ್ರಿ, ಅದರ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ದಿನಕ್ಕೆ ಎರಡು ಎರಡೂವರೆ ಅಡಿಯಂತೆ ಬಿಚ್ಚಿದೆವು. ಬಿಚ್ಚಿದಷ್ಟನ್ನು ಒಂದು ರಾತ್ರಿ ಹಾಗೆಯೇ ಬಿಡುವುದು, ಬಟ್ಟೆ ತನ್ನಷ್ಟಕ್ಕೆ ತಾನು ಸಡಿಲಾದ ಮೇಲೆ ಮುಂದಿನ ಸುತ್ತು. ಐದು ದಿನ ಹಿಡಿಯಿತು.

ಈ ಬಗೆಯ ಪರದೆ ಕೆಳಗಿನಿಂದ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಅಡಿಯ ಗಳದ ಎರಡೂ ತುದಿಗೆ ಹಗ್ಗ ಸುತ್ತಿರುತ್ತಾರೆ. ಹಗ್ಗ ಎಳೆದರೆ ಗಳ ತಿರುಗುತ್ತ, ಪರದೆಯನ್ನು ಸುತ್ತಿಕೊಳ್ಳುತ್ತ ಮೇಲೇರುತ್ತದೆ. ಆದ್ದರಿಂದ ನಮಗೆ ಮೊದಲು ಕಂಡದ್ದು ಮೇಲಿನ ತುದಿ: ಬಣ್ಣದಲ್ಲೇ ಬರೆದ ಕೆಂಪು ಝಾಲರು, ಅದರ ನಡುವೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ವೀಣೆ ಹಿಡಿದ ಶಾರದೆ. ಶಾರದೆಗೆ ಮುಖವಿರಲಿಲ್ಲ. ಇಲಿ ಕಡಿದಿರಲಿಲ್ಲ, ಅಲ್ಲಿಯ ಬಣ್ಣವೇ ಉದುರಿಹೋಗಿ ಬರಿ ಬಟ್ಟೆ ಉಳಿದಿತ್ತು. ಎರಡನೆಯ ದಿನ ಆಕಾಶ. ಮೂರನೆಯ ದಿನ ಮಾಳಿಗೆಗಳು, ಒಂದು ಗಡಿಯಾರದ ಗೋಪುರ. ಕೊನೆಯ ದಿನ ಅಗಲವಾಗಿ ನಮ್ಮ ಕಾಲಬುಡಕ್ಕೆ ಬಂದು ನಿಂತ ರಸ್ತೆ. ಎರಡೂ ಬದಿಯ ಮನೆಗಳು ಸಣ್ಣದಾಗುತ್ತ ಹೋಗಿ ದೂರದಲ್ಲಿ ಒಂದೇ ಬಿಂದುವಿನಲ್ಲಿ ಕೂಡುವ, ಅಚ್ಚುಕಟ್ಟಾದ ಬೀದಿ ಸೀನು.

ನೋಡಲು ಬಂದವರು ಮೊದಲು ಕೇಳಿದ್ದು ಇದು ಯಾವ ಊರಿನ ಬೀದಿ ಎಂದು. ಗದಗಿನ ಸ್ಟೇಷನ್ ರಸ್ತೆ ಎಂದರು ಒಬ್ಬರು. ಹುಬ್ಬಳ್ಳಿಯ ದುರ್ಗದಬೈಲು ಎಂದರು ಇನ್ನೊಬ್ಬರು. ಗಡಿಯಾರದ ಗೋಪುರ ಇರುವುದರಿಂದ ಮುಂಬೈಯೇ ಎಂದು ಹಟ ಹಿಡಿದವರೂ ಇದ್ದರು. ನನಗೆ ಅದರಲ್ಲಿ ಕಂಡದ್ದು ಒಂದು ಪರಂಪರೆಯ ಕೈ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮೀರಜಿಗೆ. ಆ ಕಡೆಯ ನಾಟಕ ಮಂಡಳಿಗಳು, ಅವುಗಳ ಪರದೆಗಳು ನಮ್ಮ ರಂಗಗಳ ಮೇಲೆ ಮೊದಲು ಇಳಿದವು. ಕೊಲ್ಲಾಪುರದ ಬಾಬುರಾವ್ ಪೇಂಟರ್ ಸಿನಿಮಾ ತೆಗೆಯುವ ಮುಂಚೆ ತಮ್ಮ ಬಂಧು ಆನಂದರಾವ್ ಅವರ ಜೊತೆ ನಾಟಕ ಕಂಪನಿಗಳಿಗೆ ಪರದೆ ಬರೆದೇ ಹೆಸರಾದವರು. ಮರಾಠಿ ಮಂಡಳಿಗಳ ಭರಾಟೆಯ ನಡುವೆ ಶಾಂತಕವಿಗಳು (1856–1920) 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡದ್ದೇ ನಾಟಕ ಮಂಡಳಿ ಕಟ್ಟಿದರು. ಅವರು ಹುಟ್ಟಿದ ಸಾತೇನಹಳ್ಳಿ ಈಗ ಹಾವೇರಿ ಜಿಲ್ಲೆಯಲ್ಲಿದೆ. ಆಮೇಲೆ ನಟ, ನಾಟಕಕಾರ ಗರುಡ ಸದಾಶಿವರಾಯರು ಬಂದರು, ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟ್ಯ ಸಂಘ ಬಂದಿತು. ಕಂಪನಿಗಳು ಊರೂರು ತಿರುಗಿದವು. ಅವು ಹೋದ ಮೇಲೆ ಹಳ್ಳಿಯ ಹುಡುಗರು ತಾವೇ ಬಣ್ಣ ಹಚ್ಚಿಕೊಂಡರು. ಚಂದಾ ಎತ್ತಿ ತಮ್ಮದೇ ಪರದೆ ಬರೆಸಿಕೊಂಡರು. ನಮ್ಮ ಮುಂದೆ ಹಾಸಿದ್ದದ್ದು ಅಂಥ ಚಂದಾದ ಪರದೆ. ಬರೆದವರ ಸಹಿ ಎಲ್ಲಿಯೂ ಇಲ್ಲ.

ಬೆನ್ನ ಮೇಲಿನ ಬರಹವನ್ನು ಓದಿದ್ದು ಐದನೆಯ ದಿನ. ನಾಲ್ವರು ಅಂಚು ಹಿಡಿದು ಒಂದು ಮೂಲೆಯನ್ನು ಮಡಿಕೆ ಬೀಳದಂತೆ ಎತ್ತಿದರು, ನಾನು ಅಡಿಯಲ್ಲಿ ಮಲಗಿ ಟಾರ್ಚು ಹಿಡಿದೆ. 1962ರಿಂದ ಶುರುವಾಗಿ ಹದಿನಾಲ್ಕು ಸಾಲು. ಪ್ರತಿ ಸಾಲಿನಲ್ಲಿ ಒಂದು ಇಸವಿ, ಒಂದು ಹೆಸರು. ನಟರ ಹೆಸರು ಎಂದುಕೊಂಡೆ. ಅಜ್ಜ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. ಅವೆಲ್ಲ ಆಯಾ ವರ್ಷ ಪರದೆ ಎಳೆದವರ ಹೆಸರು. ಮುಂದೆ ನಿಲ್ಲುವವರನ್ನು ಊರೇ ನೋಡುತ್ತದೆ. ಹಿಂದೆ ನಿಂತು ಹಗ್ಗ ಎಳೆಯುವವನು ತನ್ನ ಹೆಸರನ್ನು ಹಿಂದೆಯೇ ಬರೆದುಕೊಂಡ. ಕೊನೆಯ ಸಾಲು 1986. ಆಮೇಲೆ ಬಾಡಿಗೆಯ ಸೀನರಿ ಬಂದಿತು, ಇದು ಅಟ್ಟ ಸೇರಿತು. ಹದಿನಾಲ್ಕು ಜನರಲ್ಲಿ ಇಬ್ಬರು ಈಗ ಇದ್ದಾರೆ. ಒಬ್ಬರು ಸಂಜೆ ಬಂದು ತಮ್ಮ ಸಾಲನ್ನು ತಾವೇ ಓದಿ, ‘ನನ್ನ ಅಕ್ಷರ ಆಗ ಹೀಗಿತ್ತು’ ಎಂದು ಹೇಳಿ ಹೋದರು.

ಅಲ್ಲಿಗೆ ನನ್ನ ಅರ್ಧ ಯೋಜನೆ ಬಿದ್ದುಹೋಯಿತು. ಬೆನ್ನಿಗೆ ಪೂರ್ತಿ ಹೊಸ ಬಟ್ಟೆ ಅಂಟಿಸಿ ಗಟ್ಟಿ ಮಾಡುವುದು ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ಹದಿನಾಲ್ಕು ಜನರೂ ಅಂಟಿನ ಅಡಿಯಲ್ಲಿ ಮುಚ್ಚಿಹೋಗುತ್ತಿದ್ದರು.

ಶ್ರಾವಣ, ಭಾದ್ರಪದ: ಬಣ್ಣ ಹಿಡಿದು ನಿಲ್ಲಿಸಿದ್ದು

ಶ್ರಾವಣಕ್ಕೆ ಭವನದಲ್ಲಿ ಮದುವೆ ಶುರುವಾದವು. ಪರದೆಯನ್ನು ಬಣ್ಣದ ಮೈ ಹೊರಗೆ ಬರುವಂತೆ ದಪ್ಪ ಪೈಪಿಗೆ ಸುತ್ತಿ, ಸಾರಣೆ ಮಾಡಿಸಿದ ಗರಡಿಮನೆಗೆ ತಂದೆವು. ಅಲ್ಲಿ ಒಮ್ಮೆಗೆ ಆರು ಅಡಿಯಷ್ಟೇ ಹಾಸಲು ಜಾಗ.

ಮೊದಲ ಕೆಲಸ, ಯಾವ ಬಣ್ಣ ನೀರಿಗೆ ಏಳುತ್ತದೆ ಎಂದು ನೋಡುವುದು. ಕಡ್ಡಿಗೆ ಹತ್ತಿ ಸುತ್ತಿ, ಒದ್ದೆ ಮಾಡಿ, ಅಂಚಿನಲ್ಲಿ ಮೆಲ್ಲಗೆ ಒತ್ತಿದೆ. ಹಳದಿ ಮಣ್ಣು, ಕೆಮ್ಮಣ್ಣು ಅಲುಗಲಿಲ್ಲ. ಆಕಾಶದ ನೀಲಿ ಒಂದೇ ಒತ್ತಿಗೆ ಹತ್ತಿಗೆ ಬಂದಿತು. ಉದುರಿದ್ದ ನೀಲಿ ಚಕ್ಕೆಯೊಂದನ್ನು ಗಾಜಿನ ಮೇಲಿಟ್ಟು ನಿಂಬೆರಸದ ಒಂದು ಹನಿ ಬಿಟ್ಟೆ. ಕಣ್ಣೆದುರಿಗೇ ನೀಲಿ ಕರಗಿ ಬೂದಿಬಿಳಿಯಾಯಿತು, ಕೊಳೆತ ಮೊಟ್ಟೆಯ ಸಣ್ಣ ವಾಸನೆ ಬಂದಿತು. ಅಲ್ಟ್ರಾಮರೀನ್. ಬಟ್ಟೆಗೆ ಹಾಕುವ ನೀಲಿಯಲ್ಲಿ ಇರುತ್ತಿದ್ದದ್ದೂ ಇದೇ. ಸುಣ್ಣವನ್ನು ತಡೆದುಕೊಳ್ಳುತ್ತದೆ, ಹುಳಿಯನ್ನು ತಡೆದುಕೊಳ್ಳುವುದಿಲ್ಲ. ಇದು ಮುಂದೆ ನನಗೆ ದುಬಾರಿಯಾಗಲಿತ್ತು.

ಸಡಿಲವಾದ ಬಣ್ಣವನ್ನು ಕೂರಿಸಲು ಜಿಲೆಟಿನ್ ಬಳಸಿದೆ. ಅದು ಸರೇಸಿನದೇ ಶುದ್ಧ ರೂಪ, ಹಾಗಾಗಿ ಹಳೆಯ ಅಂಟಿನ ಜೊತೆ ಜಗಳವಿಲ್ಲ. 100 ಮಿಲಿಲೀಟರ್ ಬಿಸಿನೀರಿಗೆ 1 ಗ್ರಾಂ. ಪುಡಿಯಾದ ಬಣ್ಣದ ಮೇಲೆ ನೀರು ಹನಿಗಟ್ಟಿ ಉರುಳುತ್ತದೆ. ಅದಕ್ಕಾಗಿ ಮೊದಲು ಸ್ಪಿರಿಟ್ಟನ್ನು ಮಂಜಿನಂತೆ ಸಿಂಪಡಿಸಿ, ಹಿಂದೆಯೇ ಜಿಲೆಟಿನ್ ನೀರನ್ನು ಅಷ್ಟೇ ತೆಳ್ಳಗೆ. ಒಮ್ಮೆಗೆ ಒಂದು ಅಂಗೈ ಅಗಲ. ಅದು ಒಣಗುವವರೆಗೆ ಕಾದು, ಪಕ್ಕದ ಅಂಗೈ ಅಗಲ. ಹೆಚ್ಚು ಸುರಿದರೆ ನೀರು ಹರಿದು ನಿಂತಲ್ಲೆಲ್ಲ ಕಂದು ಗೆರೆ ಬೀಳುತ್ತದೆ. ಆಕಾಶ ಮುಗಿಯಲು ಹದಿನೇಳು ದಿನ ಬೇಕಾದವು. ಎತ್ತರದಿಂದ ಹನಿ ಬೀಳಬಾರದೆಂದು ಮಂಡಿಯ ಮೇಲೆ ಕೂತು, ಬಾಟಲಿಯನ್ನು ಅಡ್ಡಲಾಗಿ ಹಿಡಿದು ಮಾಡುವ ಕೆಲಸ. ಗರಡಿಮನೆಯ ಕೆಮ್ಮಣ್ಣಿನ ಅಖಾಡ ಪಕ್ಕದಲ್ಲಿಯೇ ಇತ್ತು. ಅಲ್ಲಿ ಸಾಮು ಮಾಡಿದವರಿಗಿಂತ ನನ್ನ ಮಂಡಿಗಳೇನೂ ಕಡಿಮೆ ದುಡಿಯಲಿಲ್ಲ.

ಬಲಬದಿಯ ಮೂರನೆಯ ಕಟ್ಟಡದ ಮೇಲೆ ಒಂದು ಫಲಕವಿದೆ. ಮಳೆನೀರು ಸರಿಯಾಗಿ ಅದರ ಮೇಲೆಯೇ ಇಳಿದು ಅಕ್ಷರಗಳನ್ನು ತೊಳೆದುಕೊಂಡು ಹೋಗಿದೆ. ಅದು ಖಾನಾವಳಿಯ ಫಲಕ ಎಂದು ಅಜ್ಜ ಹೇಳುತ್ತಾರೆ. ಬಾಂಡೆ ಅಂಗಡಿ ಎನ್ನುತ್ತಾರೆ ಅವರ ತಮ್ಮ. ಪ್ರತಿ ವರ್ಷ ಹೆಚ್ಚು ಚಂದಾ ಕೊಟ್ಟವರ ಅಂಗಡಿಯ ಹೆಸರನ್ನು ಅಲ್ಲಿ ಬರೆಯುತ್ತಿದ್ದರು, ಒಂದೇ ಹೆಸರು ಇರಲೇ ಇಲ್ಲ ಎಂದು ಪಕ್ಕದ ಮನೆಯ ಕಾಕಾ. ಮೂವರ ಮಾತನ್ನೂ ಧ್ವನಿಮುದ್ರಿಸಿಕೊಂಡಿದ್ದೇನೆ. ಫಲಕವನ್ನು ಖಾಲಿ ಬಿಟ್ಟೆ. ಒಂದನ್ನು ಬರೆದಿದ್ದರೆ ಉಳಿದಿಬ್ಬರ ಬಾಯಿ ಮುಚ್ಚಿಸಿದಂತಾಗುತ್ತಿತ್ತು.

ಆಶ್ವೀಜ: ಅಂಟು ಕೆಟ್ಟದ್ದು

ಒಟ್ಟು ತೂತು ಮೂವತ್ತೊಂದು, ಉದ್ದ ಹರಿದದ್ದು ಒಂದು, ಮೂರೂವರೆ ಅಡಿ. ತೇಪೆಗೆ ಯಾವ ಅಂಟು? ಮೈದಾ ಸರಿ ಹುಳಗಳಿಗೆ ಹಬ್ಬದೂಟ. ಪುಸ್ತಕ ಕಟ್ಟುವವರು ಹುಳ ಬಾರದಂತೆ ಅದಕ್ಕೆ ಮೈಲುತುತ್ತ ಹಾಕುತ್ತಾರೆ, ಆದರೆ ಅದು ಕಾಲಕ್ರಮದಲ್ಲಿ ಬಟ್ಟೆಯನ್ನೇ ತಿನ್ನುತ್ತದೆ. ರಾಸಾಯನಿಕ ಅಂಟುಗಳಲ್ಲಿ ಹೆಚ್ಚಿನವು ಮುಂದೆ ಯಾರಾದರೂ ಬಿಡಿಸಬೇಕೆಂದರೆ ಬಿಡುವುದಿಲ್ಲ. ಆಗ ನೆನಪಾದದ್ದು ಕಂಬಳಿ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಕಡೆ ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಬಳಿದು ಬಿಗುವು ಕೊಡುತ್ತಾರೆ. ಬೀಜ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ ಕುದಿಸುವ ಅಂಟು. ಗಟ್ಟಿಯಾಗಿ ಹಿಡಿಯುತ್ತದೆ, ಒದ್ದೆ ಬಟ್ಟೆ ಇಟ್ಟರೆ ಬಿಡುತ್ತದೆ. ನನಗೆ ಬೇಕಾದದ್ದು ಅದೇ.

ಮೊದಲ ಸಲ ಅದನ್ನು ಕೆಡಿಸಿದೆ. ಮನೆಯಲ್ಲಿ ಹಣ್ಣು ಬಿಡಿಸಿ ಉಳಿದ ಬೀಜವನ್ನು ಸರಿಯಾಗಿ ತೊಳೆಯದೆ ಹುರಿದೆ, ಮೇಲಾಗಿ ಹಿಂದಿನ ದಿನ ಕುದಿಸಿಟ್ಟ ಅಂಟನ್ನು ಬಳಸಿದೆ. ಪುಣ್ಯಕ್ಕೆ ಪರದೆಯ ಮೇಲೆ ಅಲ್ಲ. ಅದೇ ನೀಲಿಯನ್ನು ಸರೇಸಿನಲ್ಲಿ ಕಲಸಿ ಬೇರೆ ಬಟ್ಟೆಗೆ ಬಳಿದು, ಅದರ ಹಿಂದೆ ತೇಪೆ ಹಚ್ಚಿ ಇಟ್ಟಿದ್ದೆ. ಎಂಟನೆಯ ದಿನ ತೇಪೆಯ ಸುತ್ತ ನೀಲಿ ಮಾಸಿ ಚಂದ್ರನ ಸುತ್ತಿನ ಕಣದಂತೆ ಬಿಳಿ ಉಂಗುರ ಕಟ್ಟಿತ್ತು. ಶಾಲೆಯ ಮಾಸ್ತರರಿಂದ ಲಿಟ್ಮಸ್ ಕಾಗದ ಇಸಿದುಕೊಂಡು ಅಂಟಿನಲ್ಲಿ ಅದ್ದಿದರೆ ಕೆಂಪು. ಹುಳಿಯೇ.

ಎರಡನೆಯ ಸಲ ಬೀಜಗಳನ್ನು ಏಳು ನೀರಿನಲ್ಲಿ ತೊಳೆದು, ನಾರಿನ ಎಳೆಯೂ ಉಳಿಯದಂತೆ ಉಜ್ಜಿ, ಆ ದಿನಕ್ಕೆ ಬೇಕಾದಷ್ಟನ್ನೇ ಬೆಳಿಗ್ಗೆ ಕುದಿಸಿ ಸಂಜೆ ಚೆಲ್ಲುವ ನೇಮ ಮಾಡಿಕೊಂಡೆ. ಪ್ರತಿ ದಿನ ಲಿಟ್ಮಸ್. ಇನ್ನೊಂದು ಎಂಟು ದಿನ ಕಾದೆ. ನೀಲಿ ನೀಲಿಯಾಗಿಯೇ ಉಳಿಯಿತು.

ತೇಪೆ ಹಚ್ಚುವ ಕ್ರಮ: ತೂತಿಗಿಂತ ಅರ್ಧ ಇಂಚು ಹೆಚ್ಚಿಗೆ ಬಟ್ಟೆ ಕತ್ತರಿಸಿ, ನಾಲ್ಕೂ ಅಂಚಿನ ಎಳೆಗಳನ್ನು ಬಿಡಿಸಿ ಜೂಲಿನಂತೆ ಮಾಡುವುದು. ಕತ್ತರಿಸಿದ ನೇರ ಅಂಚು ಮುಂದಿನಿಂದ ಏಣಾಗಿ ಕಾಣುತ್ತದೆ, ಜೂಲು ಕಾಣುವುದಿಲ್ಲ. ಹಾಸು ಹಾಸಿಗೆ, ಹೊಕ್ಕು ಹೊಕ್ಕಿಗೆ ಕೂಡುವಂತೆ ತಿರುಗಿಸಿ, ಅಂಟು ಅರ್ಧ ಒಣಗಿ ಬೆರಳಿಗೆ ತಾಗುವಷ್ಟೇ ಉಳಿದಾಗ ಹಿಂದಿನಿಂದ ಒತ್ತಿ, ಮೇಲೆ ಉಸುಕಿನ ಚೀಲ. ಬೆನ್ನ ಮೇಲಿನ ಹೆಸರುಗಳಲ್ಲಿ ಎರಡರ ಪಕ್ಕಕ್ಕೆ ತೇಪೆ ಬಂದಿತು, ಯಾವ ಹೆಸರಿನ ಮೇಲೂ ಬರಲಿಲ್ಲ.

ಮೂವತ್ತೊಂದರಲ್ಲಿ ಒಂದು ತೂತು ಉಳಿದವುಗಳಂತೆ ಇರಲಿಲ್ಲ. ಕೆಳ ಅಂಚಿನಿಂದ ನಾಲ್ಕೂಮುಕ್ಕಾಲು ಅಡಿ ಎತ್ತರದಲ್ಲಿ, ಎಡಗಡೆಯ ಮನೆಯೊಂದರ ಕಿಟಕಿಯ ಕಪ್ಪಿನೊಳಗೆ, ಗುಲಗಂಜಿಗಿಂತ ಸ್ವಲ್ಪ ದೊಡ್ಡದು. ಅಂಚು ಹರಿದಂತಿಲ್ಲ, ಸುಟ್ಟಂತಿದೆ. ಬೆನ್ನ ಕಡೆ ಅದರ ಸುತ್ತ ಅಂಗೈ ಅಗಲ ಬಟ್ಟೆ ಜಿಡ್ಡಾಗಿ ಕಂದಿದೆ, ಆ ಜಿಡ್ಡಿನಲ್ಲಿ ಗುಲಾಬಿ ಬಣ್ಣದ ಪುಡಿ ಅಂಟಿದೆ. ಬೀಡಿ ತಾಗಿದ ಗುರುತು ಎಂದುಕೊಂಡು ತೇಪೆ ಕತ್ತರಿಸುತ್ತಿದ್ದೆ. ಅಜ್ಜ ಕೋಲೂರಿಕೊಂಡು ಬಂದು ನಿಂತರು. ‘ತಂಗಿ, ಅದು ಹರಿದದ್ದಲ್ಲ. ನಾವೇ ಮಾಡಿದ್ದು’ ಎಂದರು. ಬಣ್ಣ ಹಚ್ಚಿಕೊಂಡು ಒಳಗೆ ನಿಂತವರು ಜನ ಎಷ್ಟು ಕೂಡಿದ್ದಾರೆ ಎಂದು ಇಣುಕುತ್ತಿದ್ದ ತೂತು. ಇಪ್ಪತ್ತೈದು ವರ್ಷ ಎಷ್ಟು ಮುಖಗಳು ಅಲ್ಲಿ ಒತ್ತಿಕೊಂಡಿದ್ದವೋ, ಅವರ ಬೆವರು, ಅವರ ಪೌಡರು ಅಲ್ಲಿ ಉಳಿದಿತ್ತು. ಇಬ್ಬರು ಪರದೆಯ ಆ ಭಾಗವನ್ನು ಎತ್ತಿ ಹಿಡಿದರು. ಅಜ್ಜ ಬಾಗಬೇಕಾಗಲಿಲ್ಲ, ವಯಸ್ಸಿಗೆ ಅವರೇ ಆ ಎತ್ತರಕ್ಕೆ ಇಳಿದಿದ್ದರು. ಕಣ್ಣು ಇಟ್ಟು ನೋಡಿದರು. ಆಚೆಗೆ ಗರಡಿಮನೆಯ ಖಾಲಿ ಅಖಾಡ, ಬಾಗಿಲಲ್ಲಿ ನಿಂತ ನಾಲ್ಕು ಹುಡುಗರು. ‘ಆ ದಿನ ನನ್ನ ಅವ್ವ ಎರಡನೆಯ ಸಾಲಿನಲ್ಲಿ ಕೂತಿದ್ದಳು’ ಎಂದರು, ಯಾವ ದಿನ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ತೂತಿಗೆ ತೇಪೆ ಹಾಕಲಿಲ್ಲ. ಹಿಗ್ಗದಂತೆ ಅಂಚಿಗೆ ಸುತ್ತಲೂ ಕಾಜಾ ಹೊಲಿಗೆ ಹಾಕಿಸಿದೆ. ಜಿಡ್ಡನ್ನು ಮುಟ್ಟಲಿಲ್ಲ.

ಕಾರ್ತಿಕ: ಕೌದಿಯ ಕೈಗಳು

ಪರದೆಯ ಎಲ್ಲ ಭಾರ ಬೀಳುವುದು ಮೇಲಂಚಿಗೆ. ಅಲ್ಲಿ ಹಳೆಯ ಮಾದರಪಾಟ ಬಟ್ಟೆ ಉಗುರು ತಾಗಿದರೆ ಸೀಳುತ್ತಿತ್ತು. ನಾಲ್ಕೂ ಅಂಚಿಗೆ ಎಂಟು ಇಂಚಿನ ಹೊಸ ಖಾದಿಯ ಪಟ್ಟಿ, ಮೇಲೆ ಗಳ ತೂರಿಸಲು ಖಾದಿಯ ನೆಫೆ, ಇದು ಯೋಜನೆ. ಖಾದಿ ತಂದದ್ದು ಹುಬ್ಬಳ್ಳಿಯ ಬೆಂಗೇರಿಯಿಂದ, ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘದ ಮಳಿಗೆಯಿಂದ. ಮುಂದೆ ಕುಗ್ಗಿ ಪರದೆಯನ್ನು ಜಗ್ಗದಂತೆ ಎರಡು ಸಲ ನೆನೆಸಿ ಒಣಗಿಸಿದೆ.

ಹೊಲಿಯಲು ಊರಿನ ಮೂವರು ಹೆಂಗಸರು ಬಂದರು. ಬೇಸಿಗೆಯಲ್ಲಿ ಮನೆಮನೆಗೆ ಕೌದಿ ಹೊಲಿದುಕೊಡುವವರು. ನಾನು ತಂದಿದ್ದ ಪಾಲಿಯೆಸ್ಟರ್ ದಾರವನ್ನು ಅವರಲ್ಲಿ ಹಿರಿಯರು ಎರಡು ಕೈಯಿಂದ ಜಗ್ಗಿ ನೋಡಿ ಪಕ್ಕಕ್ಕೆ ಇಟ್ಟರು. ‘ದಾರ ಬಟ್ಟೆಗಿಂತ ಗಟ್ಟಿ ಇರಬಾರದು ತಂಗಿ. ಜಗ್ಗಿದಾಗ ದಾರ ಹರಿಯಬೇಕು, ಬಟ್ಟೆ ಉಳಿಯಬೇಕು.’ ದಾರ ಹರಿದರೆ ಮತ್ತೆ ಹೊಲಿಯಬಹುದು. ವಸ್ತ್ರ ಸಂರಕ್ಷಣೆಯನ್ನು ಕಲಿಸುವವರು ಹೇಳುವುದೂ ಇದನ್ನೇ. ಅವರಿಗೆ ಇದು ಹಳೆಯ ಸೀರೆಗಳು ಕಲಿಸಿದ್ದು. ಮೆತ್ತನೆಯ ಹತ್ತಿ ದಾರ ತರಿಸಿದೆವು. ಬಣ್ಣವಿದ್ದ ಕಡೆ ಸೂಜಿ ಹೋಗಬಾರದು ಎಂಬುದು ನನ್ನ ಒಂದೇ ಷರತ್ತು, ಏಕೆಂದರೆ ಪ್ರತಿ ಚುಚ್ಚಿಗೆ ಒಂದು ಚಕ್ಕೆ ಏಳುತ್ತದೆ. ಚಿತ್ರದ ಸುತ್ತ ಬರಿ ಬಟ್ಟೆಯ ಎರಡು ಇಂಚಿನ ಅಂಚು ಇತ್ತು. ಅದರೊಳಗೆ ಜೋಳದ ಕಾಳಿನಷ್ಟುದ್ದದ ಹೊಲಿಗೆ, ಸಾಲಿನ ಪಕ್ಕ ಸಾಲು, ಅರವತ್ತು ಅಡಿ ಸುತ್ತಳತೆ. ಹನ್ನೊಂದು ದಿನ ಹಾಡಿಕೊಂಡೇ ಹೊಲಿದರು.

ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿಯುವುದು ಅವರ ರೂಢಿ. ಕೌದಿ ಹಸಿದಿರಬಾರದು. ಇಲ್ಲಿಯೂ ಇಡುತ್ತೇವೆ ಎಂದರು. ಇಲಿಯ ಹೆಸರು ಹೇಳಿ ನಾನು ಬೇಡಿಕೊಂಡೆ. ತಮ್ಮತಮ್ಮಲ್ಲಿ ಮಾತಾಡಿಕೊಂಡು, ಕೊನೆಗೆ ಬೇವಿನ ಎಲೆ ಇಟ್ಟು ಹೊಲಿದರು. ಹಿರಿಯರಿಗೆ ಅದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಪುಷ್ಯ: ಮುಖ

ಶಾರದೆಯ ಮುಖವನ್ನು ಬರೆಯಬಾರದು ಎಂದೇ ನಾನು ನಿಶ್ಚಯಿಸಿದ್ದೆ. ಹೋದದ್ದು ಹೋಗಿದೆ, ಅದನ್ನು ನನ್ನ ಕೈಯಿಂದ ತುಂಬಿದರೆ ಅದು ಸುಳ್ಳು ಎಂಬುದು ನನ್ನ ವಾದ. ‘ನಾಂದಿ ಯಾರ ಮುಂದೆ ಹಾಡುವುದು?’ ಎಂದು ಕೇಳಿದರು ಕಟ್ಟೆಯ ಹಿರಿಯರು. ಮುಖವಿಲ್ಲದ ದೇವರಿಗೆ ಆರತಿ ಎತ್ತಲು ಅವರು ತಯಾರಿರಲಿಲ್ಲ. ಎರಡು ವಾರ ಎರಡೂ ಕಡೆ ಬಿಗಿಯಾಗಿಯೇ ಇದ್ದೆವು. ಫಲಕವನ್ನು ಖಾಲಿ ಬಿಟ್ಟಾಗ ಯಾರೂ ಬೇಡವೆನ್ನಲಿಲ್ಲ. ಮುಖ ಖಾಲಿ ಇರುವುದನ್ನು ಯಾರೂ ಒಪ್ಪಲಿಲ್ಲ. ಅಂಗಡಿಯ ಹೆಸರು ಇಲ್ಲದೆ ನಾಟಕ ನಡೆಯುತ್ತದೆ, ಶಾರದೆ ಇಲ್ಲದೆ ಶುರುವೇ ಆಗುವುದಿಲ್ಲ. ಅವರ ಲೆಕ್ಕ ಸರಿ ಎಂದು ನನಗೆ ನಿಧಾನವಾಗಿ ಮನವರಿಕೆಯಾಯಿತು.

ತೆಳು ಮಲಮಲ್ ಬಟ್ಟೆಯ ಮೇಲೆ ಮುಖ ಬರೆಯುವುದು, ಅದನ್ನು ಹಳೆಯ ಬಟ್ಟೆಗೆ ಅಂಟಿಸದೆ, ಬಣ್ಣ ಉದುರಿದ ಜಾಗದಲ್ಲಿ ನಾಲ್ಕು ಸಡಿಲ ಟಾಕಿ ಹಾಕಿ ನಿಲ್ಲಿಸುವುದು. ಬೇಡವೆಂದ ದಿನ ನಾಲ್ಕು ಟಾಕಿ ಕತ್ತರಿಸಿದರೆ ಹಳೆಯದು ಹಾಗೆಯೇ ಇರುತ್ತದೆ. ಇದಕ್ಕೆ ಇಬ್ಬರೂ ಒಪ್ಪಿದೆವು. ಹಳೆಯ ಮುಖದ ಫೋಟೋ ಯಾರ ಬಳಿಯೂ ಇರಲಿಲ್ಲ. ಮೂಗುತಿ ಇತ್ತು ಎಂಬುದರಲ್ಲಿ ಎಲ್ಲರೂ ಒಂದು. ಕಣ್ಣು ಕೆಳಗೆ ನೋಡುತ್ತಿತ್ತು ಎಂದರು ಹೆಂಗಸರು. ಮಕ್ಕಳಾಗಿದ್ದಾಗ ಮುಂದಿನ ಸಾಲಿನಲ್ಲಿ ಕೂತು ನೋಡಿದವರು ಅವರು. ಸರೇಸು, ಪುಡಿಬಣ್ಣದಲ್ಲಿ ಐದು ಮುಖ ಬರೆದು ಗುಡಿಯ ಕಟ್ಟೆಯ ಮೇಲೆ ಹರಡಿದೆ. ನನಗೆ ಎರಡನೆಯದು ಮೆಚ್ಚಿಗೆಯಾಗಿತ್ತು. ಅವರು ಐದನೆಯದನ್ನು ಆರಿಸಿದರು, ಗಲ್ಲ ಸ್ವಲ್ಪ ಅಗಲವಾದ, ನೆರೆಮನೆಯ ಅಕ್ಕನಂಥ ಮುಖ. ಅದನ್ನೇ ಹಾಕಿದೆ.

ಮಾಘ: ಏರಿಸಿದ್ದು

ಅಡಿಯ ಹಳೆಯ ಬಿದಿರು ಸೀಳಿತ್ತು, ದಪ್ಪವೂ ಸಾಲದು. ಸುತ್ತುವ ಗಳ ಸಣ್ಣದಾದಷ್ಟು ಬಟ್ಟೆ ಬಿಗಿಯಾಗಿ ಬಾಗಿ ಬಣ್ಣ ಬಿರುಕು ಬಿಡುತ್ತದೆ. ಆರು ಇಂಚಿನ ಪಿವಿಸಿ ಪೈಪು ತಂದೆವು. ಅದು ಬರುವುದೇ ಇಪ್ಪತ್ತು ಅಡಿಯ ಉದ್ದದಲ್ಲಿ. ಹದಿನೆಂಟು ಅಡಿಯ ಪರದೆಗೆ ಎರಡೂ ತುದಿಯಲ್ಲಿ ಹಗ್ಗ ಸುತ್ತಲು ಒಂದೊಂದು ಅಡಿ ಉಳಿಯಿತು. ಪೈಪಿಗೆ ಖಾದಿ ಸುತ್ತಿ, ಪರದೆಯ ಕೆಳಪಟ್ಟಿಯನ್ನು ಅದಕ್ಕೆ ಹೊಲಿದೆವು. ಮೇಲೆ ಹೊಸ ಗಳ, ಎರಡು ರಾಟೆ, ಹತ್ತಿಯ ಹಗ್ಗ. ಜಾತ್ರೆಗೆ ಮೂರು ದಿನ ಮುಂಚೆ ಮೊದಲ ಸಲ ಎಳೆದಾಗ ಅರ್ಧಕ್ಕೆ ಓರೆಯಾಗಿ ನಿಂತಿತು. ಒಂದು ಕಡೆಯ ಹಗ್ಗವನ್ನು ಉಲ್ಟಾ ಸುತ್ತಿದ್ದೆವು. ಬಿಚ್ಚಿ ಸುತ್ತಿದ ಮೇಲೆ ಸರಿಯಾಗಿ ಏರಿತು. ಎಳೆಯುವ ಕೆಲಸ ಹಿಡಿದವನು ಟ್ರ್ಯಾಕ್ಟರ್ ಓಡಿಸುವ ಹುಡುಗ. 1986ರಲ್ಲಿ ಎಳೆದವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಎರಡು ದಿನ ಅವನ ಕೈ ತಿದ್ದಿದರು: ಕೊನೆಯ ಎರಡು ಅಡಿ ಇಳಿಯುವಾಗ ಹಗ್ಗ ಬಿಗಿ ಹಿಡಿ, ಪೈಪು ನೆಲಕ್ಕೆ ಬಡಿಯಬಾರದು.

ನಾಟಕದ ರಾತ್ರಿ ನಾನು ಹಿಂದೆ ನಿಂತಿದ್ದೆ. ಮೇಳದವರು ಪೇಟಿಗೆ ಶ್ರುತಿ ಕೂಡಿಸುತ್ತಿದ್ದರು. ಬಣ್ಣ ಹಚ್ಚಿಕೊಂಡ ಹುಡುಗರು ಒಬ್ಬರ ಹಿಂದೆ ಒಬ್ಬರು ಕಿಟಕಿಯ ತೂತಿಗೆ ಬಂದು ಕಣ್ಣು ಇಟ್ಟು ಹೋದರು. ಅದರ ಬಗ್ಗೆ ಅವರಿಗೆ ಯಾರು ಹೇಳಿದರೋ ತಿಳಿಯದು. ಅಜ್ಜನನ್ನು ಎರಡನೆಯ ಸಾಲಿನಲ್ಲಿ ಕೂರಿಸಿದ್ದರು.

ಬೆಳಗಿನ ಜಾವ ನಾಲ್ಕಕ್ಕೆ ನಾಟಕ ಮುಗಿಯಿತು. ಟ್ರ್ಯಾಕ್ಟರ್ ಹುಡುಗ ಬೆನ್ನ ಮೇಲೆ ಹದಿನೈದನೆಯ ಸಾಲು ಬರೆದ. ಮಸಿ ಬಟ್ಟೆಯ ಆಚೆಗೂ ಹಬ್ಬುತ್ತದೆಂದು ಪೆನ್ಸಿಲ್ ಕೊಟ್ಟಿದ್ದೆ.

ಮುಂದಿನ ಕೆಲಸಕ್ಕೆ ಬರೆದಿಟ್ಟುಕೊಂಡದ್ದು: ಎಡಗಡೆಯ ಹಗ್ಗ ಎರಡು ಇಂಚು ಹಿಗ್ಗಿದೆ, ಪರದೆ ಆ ಬದಿಗೆ ಓಲುತ್ತಿದೆ. ರಸ್ತೆಯ ಬಲ ಮೂಲೆಯಲ್ಲಿ ಕಾಲು ತಾಗಿ ಎರಡು ಚಕ್ಕೆ ಎದ್ದಿವೆ; ಚಕ್ಕೆಗಳನ್ನು ಡಬ್ಬಿಯಲ್ಲಿ ಇಟ್ಟಿದೆ. ಆಷಾಢದಲ್ಲಿ ಭವನ ಖಾಲಿಯಾದ ಕೂಡಲೆ ಮತ್ತೆ ಹಾಸಬೇಕು.